ಲೋಳೆಮೀನಿಗೆ ಸಾಕ್ಷಿ ಯಾರು?

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ಕೇಳಿ ಬೆಳೆದವರು ನಾವು. ಕಣ್ಣು ಮೋಸಹೋಗಬಹುದು, ಆದ್ದರಿಂದ ಇನ್ನೊಮ್ಮೆ ಪರೀಕ್ಷಿಸು ಎಂಬುದು ಅದರ ವಿವೇಕ. ಆದರೆ ಆ ವಿವೇಕದೊಳಗೆ ಒಂದು ನಂಬಿಕೆಯೂ ಇದೆ: ಇನ್ನೊಮ್ಮೆ ನೋಡಲು ಆ ವಸ್ತು ಅಲ್ಲೇ ಇರುತ್ತದೆ ಎಂಬ ನಂಬಿಕೆ. ಇಲ್ಲದೇ ಹೋದರೆ? ನೋಡಿದವನು ಒಬ್ಬನೇ, ನೋಡಿದ ಜೀವಿ ಸ್ವಲ್ಪ ಹೊತ್ತಿನಲ್ಲೇ ಅಳಿದುಹೋಯಿತು, ಉಳಿದದ್ದು ಅವನು ಬರೆದ ಚಿತ್ರ ಮಾತ್ರ ಎಂದಾದರೆ, ಅವನು ಉತ್ತರ ಹೇಳಬೇಕಾದ್ದು ಯಾರಿಗೆ?

ಇದು ತರ್ಕದ ಆಟಕ್ಕಾಗಿ ಹುಟ್ಟಿಸಿದ ಪ್ರಶ್ನೆಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಅನ್ವೇಷಣಾ ಹಡಗುಗಳಲ್ಲಿ ಕೂತು ಸಮುದ್ರದ ಬೆನ್ನೆಲುಬಿಲ್ಲದ ಜೀವಿಗಳನ್ನು ಚಿತ್ರಿಸಿದವರಿಗೆ ಇದು ದಿನನಿತ್ಯದ ಪರಿಸ್ಥಿತಿಯಾಗಿತ್ತು. ಶಂಖ, ಹವಳ, ಏಡಿಯ ಕವಚ ಇವನ್ನು ಪೆಟ್ಟಿಗೆಯಲ್ಲಿಟ್ಟು ಊರಿಗೆ ತರಬಹುದಿತ್ತು. ಜೆಲ್ಲಿಫಿಶ್ ಎಂದು ಕರೆಯುವ ಲೋಳೆಮೀನನ್ನು ಹಾಗೆ ತರುವಂತಿರಲಿಲ್ಲ. ಅದರ ಮೈಯಲ್ಲಿ ಶೇಕಡಾ 95ರಷ್ಟು ನೀರೇ. ಕಡಲಿನಲ್ಲಿ ಗಾಜಿನ ಕೊಡೆಯಂತೆ ತೇಲುವ ಅದು ನೀರಿನಿಂದೆತ್ತಿದ ಕೂಡಲೇ ಕುಸಿದು ಮುದ್ದೆಯಾಗುತ್ತದೆ. ಮದ್ಯಸಾರದ ಸೀಸೆಗೆ ಹಾಕಿದರೆ ಸುರುಟಿಕೊಂಡು ಬಣ್ಣ ಬಿಡುತ್ತದೆ. ಜೀವಿಗಳನ್ನು ಕಾಪಿಡಲು ಫಾರ್ಮಾಲಿನ್ ಬಳಕೆಗೆ ಬಂದದ್ದೇ 1890ರ ದಶಕದಲ್ಲಿ. ಅದಕ್ಕೂ ಮೊದಲಿನ ನಾವಿಕ ವಿಜ್ಞಾನಿಗಳಿಗೆ ಲೋಳೆಮೀನು ಎಂದರೆ ಅದರ ಚಿತ್ರ, ಅಷ್ಟೆ.

1800ರಲ್ಲಿ ಫ್ರಾನ್ಸಿನ ಲ ಹಾವ್ರ್ ಬಂದರಿನಿಂದ ನಿಕೊಲಾ ಬೋದಾಂ ಎಂಬ ಕಪ್ತಾನನ ನಾಯಕತ್ವದಲ್ಲಿ ಎರಡು ಹಡಗುಗಳು ಆಸ್ಟ್ರೇಲಿಯಾದತ್ತ ಹೊರಟವು. ಅದೇ ಊರಿನ ಇಪ್ಪತ್ತೆರಡರ ಹುಡುಗ ಶಾರ್ಲ್ ಅಲೆಕ್ಸಾಂಡ್ರ್ ಲೆಸ್ಯುರ್ ಆ ಹಡಗು ಹತ್ತಿದ್ದು ಕಲಾವಿದನಾಗಿ ಅಲ್ಲ, ಫಿರಂಗಿಯವರ ಸಹಾಯಕನಾಗಿ. ಅಧಿಕೃತ ಕಲಾವಿದರು ದಾರಿಯಲ್ಲಿ ಮಾರಿಷಸ್‌ನಲ್ಲೇ ಇಳಿದುಬಿಟ್ಟಾಗ ಚಿತ್ರ ಬರೆಯುವ ಕೆಲಸ ಅವನ ಮತ್ತು ಪೆತಿ ಎಂಬ ಇನ್ನೊಬ್ಬ ಯುವಕನ ಪಾಲಿಗೆ ಬಂತು. ಹಡಗಿನ ಪ್ರಾಣಿವಿಜ್ಞಾನಿ ಫ್ರಾಂಸ್ವಾ ಪೆರೋನ್ ಜೊತೆ ಸೇರಿ ಲೆಸ್ಯುರ್ ಲೋಳೆಮೀನುಗಳ ಬೆನ್ನು ಹತ್ತಿದ. ನಯವಾದ ತೊಗಲಿನ ಹಾಳೆಯ ಮೇಲೆ ಅವನು ಬಣ್ಣದಲ್ಲಿ ಬರೆದ ಚಿತ್ರಗಳಲ್ಲಿ ಪಾರದರ್ಶಕವಾದ ಮೈಯೊಳಗಿನ ನಾಳಗಳು, ಅಂಚಿನ ಒಂದೊಂದು ಎಳೆ, ಕೊಡೆಯ ಮೇಲೆ ಬಿದ್ದ ಬೆಳಕು ಎಲ್ಲವೂ ಇವೆ.

ಮುಂದೆ ನಡೆದದ್ದು ಇನ್ನೂ ವಿಚಿತ್ರ. ಪೆರೋನ್ 1810ರಲ್ಲಿ ಕ್ಷಯದಿಂದ ತೀರಿಕೊಂಡ. ಆ ಹೊತ್ತಿಗೆ ಲೋಳೆಮೀನುಗಳ ಹೆಸರು ಮತ್ತು ಸಂಕ್ಷಿಪ್ತ ಲಕ್ಷಣಗಳ ಪಟ್ಟಿಯೊಂದು ಅಚ್ಚಾಗಿತ್ತು, ಚಿತ್ರಗಳ ದೊಡ್ಡ ಪುಸ್ತಕ ಮಾತ್ರ ಯೋಜಿಸಿದಂತೆ ಹೊರಬರಲಿಲ್ಲ. ಹೆಸರು ಒಂದು ಕಡೆ, ಮುಖ ಇನ್ನೊಂದು ಕಡೆ. ಆ ಪಟ್ಟಿಯನ್ನಷ್ಟೇ ಓದಿದ ಮುಂದಿನವರಿಗೆ ಯಾವ ಹೆಸರು ಯಾವ ಪ್ರಾಣಿಯದು ಎಂಬುದು ಎಷ್ಟೋ ಕಡೆ ತಿಳಿಯಲಿಲ್ಲ. ಚಿತ್ರಗಳು ಲ ಹಾವ್ರ್ ಸಂಗ್ರಹಾಲಯ ಸೇರಿದವು. 1944ರ ಬಾಂಬ್ ದಾಳಿಯಲ್ಲಿ ಆ ಕಟ್ಟಡ ಹಾಳಾದರೂ ಚಿತ್ರಗಳು ಉಳಿದವು. 1995ರಲ್ಲಿ ಝಾಕ್ಲಿನ್ ಗೋಯ್ ಎಂಬ ಲೋಳೆಮೀನು ತಜ್ಞೆ ಅವುಗಳ ಕುರಿತು ಪುಸ್ತಕ ತಂದರು. ಸುಮಾರು ಇನ್ನೂರು ವರ್ಷಗಳ ಮೇಲೂ ಆ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಇದು ಇಂಥದ್ದು ಎಂದು ಚರ್ಚಿಸಲು ಸಾಧ್ಯವಾದದ್ದು, ಫಿರಂಗಿಯವರ ಸಹಾಯಕನೊಬ್ಬ ಯಾರೂ ಪರೀಕ್ಷಿಸಲಾಗದ ಕಡೆಯಲ್ಲೂ ಎಳೆಗಳನ್ನು ಎಣಿಸಿ ಬರೆದಿದ್ದ ಎಂಬ ಕಾರಣಕ್ಕೆ.

ಚಿತ್ರ ಬರೆಯಲಾಗದವರ ಪಾಡೂ ಇತಿಹಾಸದಲ್ಲಿದೆ. ಬೀಗಲ್ ಹಡಗಿನಲ್ಲಿ ಬಲೆ ಬೀಸಿ ಕಡಲಿನ ಸಣ್ಣ ಜೀವಿಗಳನ್ನು ಹಿಡಿದ ಡಾರ್ವಿನ್, ತನಗೆ ಚಿತ್ರ ಬರೆಯಲು ಬಾರದ್ದರಿಂದ ಯಾನದ ಟಿಪ್ಪಣಿಗಳ ದೊಡ್ಡ ಕಟ್ಟೊಂದು ಹೆಚ್ಚುಕಡಿಮೆ ವ್ಯರ್ಥವಾಯಿತೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

ಆದರೆ ‘ಕಂಡದ್ದನ್ನು ಕಂಡಂತೆ ಬರೆ’ ಎನ್ನುವುದು ಕೇಳಲು ಸುಲಭ. ಬಲೆಗೆ ಸಿಕ್ಕ ಲೋಳೆಮೀನಿನ ನಾಲ್ಕು ಬಾಹುಗಳಲ್ಲಿ ಒಂದು ಹರಿದಿದೆ ಎಂದುಕೊಳ್ಳಿ. ಹರಿದದ್ದನ್ನು ಹಾಗೇ ಬರೆದರೆ ಆ ಒಂದು ಪ್ರಾಣಿಯ ಮಟ್ಟಿಗೆ ಚಿತ್ರ ನಿಜ, ಅದರ ಜಾತಿಯ ಮಟ್ಟಿಗೆ ಸುಳ್ಳು. ನಾಲ್ಕನ್ನೂ ಪೂರ್ತಿ ಬರೆದರೆ ಜಾತಿಯ ಮಟ್ಟಿಗೆ ನಿಜ, ಆದರೆ ಬರೆದವನು ಕಾಣದ್ದನ್ನು ಕಂಡೆನೆಂದು ಹೇಳಿದಂತಾಯಿತು. ಪ್ರಾಣಿವಿಜ್ಞಾನದ ಚಿತ್ರಗಳು ಬಹುಕಾಲ ಎರಡನೆಯ ದಾರಿಯನ್ನೇ ಹಿಡಿದವು. ಅದನ್ನು ವಂಚನೆ ಎನ್ನಲು ನನಗೆ ಮನಸ್ಸಿಲ್ಲ. ಆದರೆ ಆ ದಾರಿ ಎಲ್ಲಿಗೆ ಒಯ್ಯಬಹುದು ಎಂಬುದಕ್ಕೆ ಎರ್ನ್ಸ್ಟ್ ಹೆಕೆಲ್ ಇದ್ದಾನೆ.

1872ರ ಡಿಸೆಂಬರಿನಿಂದ 1876ರ ಮೇ ತನಕ ಬ್ರಿಟನ್ನಿನ ಚಾಲೆಂಜರ್ ಹಡಗು ಲೋಕದ ಕಡಲುಗಳ ಆಳ ಅಳೆಯಿತು. ಅದರ ವರದಿ 50 ಸಂಪುಟಗಳಷ್ಟಾಯಿತು. ಜರ್ಮನಿಯ ಯೇನಾದ ಪ್ರಾಧ್ಯಾಪಕ ಹೆಕೆಲ್ ಆ ಹಡಗಿನಲ್ಲಿರಲಿಲ್ಲ, ಮಾದರಿಗಳು ಅವನ ಮೇಜಿಗೆ ಬಂದವು. ಆಗ ಪ್ರಾಣಿಗಳೆಂದೇ ಎಣಿಸಲಾಗುತ್ತಿದ್ದ, ಗಾಜಿನಂಥ ಸಿಲಿಕಾ ಎಲುಬುಗೂಡಿನ ಏಕಕೋಶಿ ರೇಡಿಯೋಲೇರಿಯಾಗಳ ಬಗ್ಗೆ 1887ರಲ್ಲಿ ಅವನು ಕೊಟ್ಟ ವರದಿಯಲ್ಲಿ 140 ಚಿತ್ರಫಲಕಗಳೂ 3,500ಕ್ಕೂ ಹೆಚ್ಚು ಹೊಸ ಜಾತಿಗಳೂ ಇದ್ದವು. ಆಮೇಲೆ 1899ರಿಂದ 1904ರವರೆಗೆ ಬಂದ ‘ಪ್ರಕೃತಿಯ ಕಲಾರೂಪಗಳು’ ಎಂಬ ನೂರು ಫಲಕಗಳ ಕೃತಿ ಅವನನ್ನು ಮನೆಮನೆಗೆ ತಲುಪಿಸಿತು. ಅದರಲ್ಲಿ ಲೋಳೆಮೀನುಗಳು ದೇವಸ್ಥಾನದ ತೂಗುದೀಪಗಳಂತೆ ಅಚ್ಚುಕಟ್ಟಾಗಿ ಇಳಿಬಿದ್ದಿವೆ. ಯಾವುದೂ ಹರಿದಿಲ್ಲ, ಯಾವುದೂ ವಾಲಿಲ್ಲ. ಒಂದಕ್ಕೆ ಅವನು, ತನ್ನ ಮೂವತ್ತನೆಯ ಹುಟ್ಟುಹಬ್ಬದ ದಿನವೇ ತೀರಿಕೊಂಡ ಹೆಂಡತಿ ಅನ್ನಾ ಸೇಥೆಯ ಹೆಸರಿಟ್ಟಿದ್ದಾನೆ.

ಇವುಗಳ ಚೆಲುವಿಗೆ ಮನಸೋಲದಿರುವುದು ಕಷ್ಟ. 1900ರ ಪ್ಯಾರಿಸ್ ಮಹಾಪ್ರದರ್ಶನದ ಹೆಬ್ಬಾಗಿಲನ್ನು ರೆನೆ ಬಿನೆ ಎಂಬ ವಾಸ್ತುಶಿಲ್ಪಿ ರೇಡಿಯೋಲೇರಿಯಾದ ಮಾದರಿಯಲ್ಲೇ ಕಟ್ಟಿದ. ನಿಸರ್ಗದ ಆಳದಲ್ಲಿ ಸಮಮಿತಿಯೇ ಇದೆ ಎಂಬುದು ಹೆಕೆಲ್‌ನ ದೃಢ ನಂಬಿಕೆ. ಆದ್ದರಿಂದ ಅವನ ಕೈ ಸಮಮಿತಿಯನ್ನು ಕಂಡಲ್ಲೂ ಬರೆಯಿತು, ಕಾಣದಲ್ಲೂ ತುಂಬಿತು. ತೊಂದರೆ ಇರುವುದು ನಂಬಿಕೆಯಲ್ಲಲ್ಲ. ಎಲ್ಲಿಯವರೆಗೆ ಪ್ರಾಣಿ, ಎಲ್ಲಿಂದಾಚೆ ನಂಬಿಕೆ ಎಂಬ ಗೆರೆ ನೋಡುವವರಿಗೆ ಕಾಣದಂತೆ ಅಳಿಸಿಹೋಗಿರುವುದರಲ್ಲಿ. 1868ರ ಅವನ ಪುಸ್ತಕವೊಂದರಲ್ಲಿ ನಾಯಿ, ಕೋಳಿ, ಆಮೆಗಳ ಎಳೆಯ ಭ್ರೂಣಗಳು ಒಂದೇ ಥರ ಇವೆ ಎಂದು ತೋರಿಸಲು ಮೂರು ಚಿತ್ರಗಳಿದ್ದವು. ಮೂರೂ ಒಂದೇ ಮರದಚ್ಚಿನಿಂದ ಒತ್ತಿದವು ಎಂಬುದನ್ನು ಬಾಸೆಲ್‌ನ ರ‍್ಯೂಟಿಮೆಯರ್ ಎಂಬ ವಿಜ್ಞಾನಿ ಹಿಡಿದುಹಾಕಿದ. ಅಲ್ಲಿ ಭ್ರೂಣವನ್ನು ಸರಳಗೊಳಿಸಿ ಬರೆದದ್ದು ತಪ್ಪಲ್ಲ. ಒಂದೇ ಚಿತ್ರದ ಕೆಳಗೆ ಮೂರು ಹೆಸರು ಬರೆದು, ಮೂರನ್ನು ನೋಡಿದೆ ಎಂಬಂತೆ ಓದುಗರ ಮುಂದಿಟ್ಟದ್ದು ತಪ್ಪು.

ಇದರ ಪಕ್ಕದಲ್ಲಿ ಇನ್ನೊಂದು ಪ್ರಸಂಗವನ್ನಿಟ್ಟು ನೋಡಬೇಕು. ಯುವಕನಾಗಿದ್ದಾಗ ರ‍್ಯಾಟಲ್‌ಸ್ನೇಕ್ ಹಡಗಿನಲ್ಲಿ ಲೋಳೆಮೀನುಗಳನ್ನು ಬಿಡಿಸಿ ಬರೆದು ಹೆಸರಾದ ಥಾಮಸ್ ಹಕ್ಸ್‌ಲಿ 1868ರಲ್ಲಿ, ಅಟ್ಲಾಂಟಿಕ್ ತಳದ ಹಳೆಯ ಕೆಸರಿನ ಮಾದರಿಗಳಲ್ಲಿ ಒಂದು ಲೋಳೆಯನ್ನು ಕಂಡ. 1857ರಲ್ಲಿ ಸೈಕ್ಲಾಪ್ಸ್ ಹಡಗು ತಂದ ಕೆಸರು ಅದು. ಇದು ಜೀವದ ಆದಿರೂಪವಿರಬೇಕೆಂದು ಅದಕ್ಕೆ ‘ಬ್ಯಾಥಿಬಿಯಸ್ ಹೆಕೆಲಿ’ ಎಂದು ಹೆಕೆಲ್‌ನದೇ ಹೆಸರಿಟ್ಟ. ಚಿತ್ರವೂ ಅಚ್ಚಾಯಿತು. ಚಾಲೆಂಜರ್ ಹಡಗಿನವರು ಅದನ್ನು ಹುಡುಕಿದರು, ತಾಜಾ ಕೆಸರಿನಲ್ಲಿ ಎಲ್ಲೂ ಸಿಗಲಿಲ್ಲ. ಕೊನೆಗೆ ಹಡಗಿನ ರಸಾಯನಶಾಸ್ತ್ರಜ್ಞ ಬ್ಯುಕಾನನ್ ಗುಟ್ಟು ಬಿಡಿಸಿದ: ಸಮುದ್ರದ ನೀರಿಗೆ ಮದ್ಯಸಾರ ಬೆರೆಸಿದಾಗ ತಳಕ್ಕಿಳಿಯುವ ಕ್ಯಾಲ್ಸಿಯಂ ಸಲ್ಫೇಟ್ ಆ ಲೋಳೆ. ಕಾಪಿಡಲು ಹಾಕಿದ ದ್ರವವೇ ಜೀವಿಯನ್ನು ಹುಟ್ಟಿಸಿತ್ತು! ಹಕ್ಸ್‌ಲಿ 1875ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಹಿರಂಗವಾಗಿಯೇ ಹಿಂದೆ ಸರಿದ.

ಹಕ್ಸ್‌ಲಿಯ ಚಿತ್ರ ಪೂರ್ತಿ ಸುಳ್ಳು, ಏಕೆಂದರೆ ಅಂಥ ಜೀವಿಯೇ ಇರಲಿಲ್ಲ. ಹೆಕೆಲ್‌ನ ಭ್ರೂಣಗಳು ಅಷ್ಟು ಸುಳ್ಳಲ್ಲ, ಎಳೆಯ ಭ್ರೂಣಗಳ ನಡುವೆ ಹೋಲಿಕೆ ಇರುವುದು ನಿಜವೇ. ಆದರೂ ನನ್ನ ಮನಸ್ಸು ಮೊದಲನೆಯದನ್ನು ಕ್ಷಮಿಸುತ್ತದೆ, ಎರಡನೆಯದನ್ನು ಕ್ಷಮಿಸುವುದಿಲ್ಲ. ಯಾಕೆ? ಹಕ್ಸ್‌ಲಿ ಕೆಸರು ಎಲ್ಲಿಂದ ಬಂತು, ಯಾವುದರಲ್ಲಿ ಇಟ್ಟಿತ್ತು ಎಂಬುದನ್ನು ಬರೆದಿದ್ದ. ಅಂದರೆ ತನ್ನನ್ನು ಸುಳ್ಳೆಂದು ತೋರಿಸುವ ದಾರಿಯನ್ನು ತಾನೇ ತೆರೆದಿಟ್ಟಿದ್ದ. ಮೂರು ಹೆಸರಿನ ಒಂದೇ ಅಚ್ಚು ಆ ದಾರಿಯನ್ನು ಮುಚ್ಚಿತು. ನಿಜ ಹೇಳುವುದು ಒಂದು, ಪ್ರಾಮಾಣಿಕವಾಗಿರುವುದು ಇನ್ನೊಂದು. ನಿಜ ನಮ್ಮ ಕೈಯಲ್ಲಿ ಪೂರ್ತಿ ಇರುವುದಿಲ್ಲ. ದಾರಿ ತೆರೆದಿಡುವುದು ಪೂರ್ತಿ ನಮ್ಮ ಕೈಯಲ್ಲೇ ಇದೆ.

ಈ ದಾರಿಯಲ್ಲಿ ಬರೆದವರ ಗುರುತೂ ಇರಬೇಕು ಎಂಬುದನ್ನು ನಮ್ಮ ಕಡಲಿನ ಚಿತ್ರಗಳೇ ನೆನಪಿಸುತ್ತವೆ. ಭಾರತದ ಸಮುದ್ರ ಸಮೀಕ್ಷೆಯ ಇನ್ವೆಸ್ಟಿಗೇಟರ್ ಹಡಗು ಅರಬ್ಬಿ ಸಮುದ್ರದಿಂದಲೂ ಬಂಗಾಳ ಕೊಲ್ಲಿಯಿಂದಲೂ ಎತ್ತಿದ ಆಳದ ಸಿಗಡಿ, ಏಡಿ ಮೊದಲಾದವುಗಳ ಚಿತ್ರಫಲಕಗಳು 1892ರಿಂದ ಕಲ್ಕತ್ತಾದಲ್ಲಿ ಪ್ರಕಟವಾದವು. ಪುಸ್ತಕದ ಕೀರ್ತಿ ಆಲ್ಕಾಕ್ ಮೊದಲಾದ ಇಂಗ್ಲಿಷ್ ಪ್ರಾಣಿವಿಜ್ಞಾನಿಗಳದು. ಆದರೆ ಫಲಕಗಳಲ್ಲಿ ಎ.ಸಿ. ಚೌಧುರಿ, ಎಸ್.ಸಿ. ಮೊಂಡಲ್ ಎಂಬ ಬಂಗಾಳಿ ಕಲಾವಿದರ ಹೆಸರುಗಳಿವೆ. ಸೀಸೆಯಲ್ಲಿ ಬಣ್ಣ ಬಿಟ್ಟ ಜೀವಿಗಳ ಈ ಚಿತ್ರಗಳಲ್ಲಿ ಬಹುಪಾಲು ಬಣ್ಣವಿಲ್ಲದವು. ಹೆಕೆಲ್‌ನ ಫಲಕಗಳ ಮುಂದೆ ಇವು ಸಪ್ಪೆ ಎನಿಸಬಹುದು. ನನಗೆ ಆ ಸಪ್ಪೆಯಲ್ಲಿ ಒಂದು ಸಂಯಮ ಕಾಣುತ್ತದೆ: ಗೊತ್ತಿಲ್ಲದ ಬಣ್ಣವನ್ನು ಹಚ್ಚದಿರುವುದು.

ಸಂಶೋಧನಾ ವಿದ್ಯಾರ್ಥಿಗಳಾದ ನಮಗೆ ಇದು ದೂರದ ಕಥೆಯಲ್ಲ. ನನ್ನ ಪಕ್ಕದ ಮೇಜಿನ ಗೆಳತಿ ಜನಪದ ಹಾಡುಗಳನ್ನು ಸಂಗ್ರಹಿಸುತ್ತಾಳೆ. ಒಬ್ಬ ಅಜ್ಜಿ ಹಾಡುತ್ತ ಹಾಡುತ್ತ ನಡುವೆ ಮೂರು ಸಾಲು ಮರೆತಳು, ಮುಂದಿನ ಭೇಟಿಗೆ ಅಜ್ಜಿಯೇ ಇರಲಿಲ್ಲ. ಬೇರೆ ಊರಿನ ಪಾಠದಿಂದ ಆ ಸಾಲುಗಳನ್ನು ತುಂಬಿಬಿಡು, ಹಾಡು ಪೂರ್ತಿಯಾಗುತ್ತದೆ ಎಂದು ಹಿರಿಯರೊಬ್ಬರು ಸಲಹೆ ಕೊಟ್ಟರು. ಅವಳು ಚುಕ್ಕೆಗಳನ್ನೇ ಉಳಿಸಿಕೊಂಡಳು, ಬೇರೆ ಪಾಠವನ್ನು ಅಡಿಟಿಪ್ಪಣಿಯಲ್ಲಿಟ್ಟಳು. ಅವಳು ತುಂಬಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ‘ಯಾರಿಗೂ ತಿಳಿಯುವುದಿಲ್ಲ’ ಎಂಬ ಈ ಮಾತಿನ ಎದುರು ಮನುಷ್ಯ ಹೇಗೆ ನಿಲ್ಲುತ್ತಾನೆ ಎಂಬುದೇ ನೀತಿಯ ಪ್ರಶ್ನೆ. ಪರೀಕ್ಷೆ ಇರುವಲ್ಲಿ ಪ್ರಾಮಾಣಿಕತೆ ಜಾಣತನವೂ ಆಗಬಹುದು. ಪರೀಕ್ಷೆ ಇಲ್ಲದ ಕಡೆ ಅದು ಬರೀ ಪ್ರಾಮಾಣಿಕತೆ.

ಹಾಗೆಂದು ಹೆಕೆಲ್‌ನ ಫಲಕಗಳನ್ನು ಗೋಡೆಯಿಂದ ಇಳಿಸಬೇಕೆಂದು ನಾನು ಹೇಳುವುದಿಲ್ಲ. ಅವು ಎಷ್ಟೋ ಜನರಿಗೆ ಕಡಲಿನ ಮೇಲೆ ಪ್ರೀತಿ ಹುಟ್ಟಿಸಿವೆ, ಅದು ಸಣ್ಣ ಕೆಲಸವಲ್ಲ. ಆದರೆ ಪ್ರೀತಿಸಲು ಒಂದು ಚಿತ್ರ, ನಂಬಲು ಇನ್ನೊಂದು ಎಂಬ ವ್ಯತ್ಯಾಸವನ್ನು ಮರೆಯಬಾರದು. ಯಾವ ಪ್ರಾಣಿಯನ್ನೂ ನೋಡದೆ ಕಂಪ್ಯೂಟರು ಕ್ಷಣದಲ್ಲಿ ಲೋಳೆಮೀನನ್ನು ಬರೆದುಕೊಡುವ ಈ ಕಾಲದಲ್ಲಂತೂ ಆ ವ್ಯತ್ಯಾಸ ಇನ್ನಷ್ಟು ಬೇಕು. ಲೆಸ್ಯುರ್‌ನ ಎಳೆಗಳ ಲೆಕ್ಕ ನಾಳೆ ತಪ್ಪೆಂದು ಸಿದ್ಧವಾಗಬಹುದು. ಹಾಗಾದರೂ, ಲೆಕ್ಕವನ್ನು ಪರೀಕ್ಷಿಸುವ ಅವಕಾಶವನ್ನು ನಮಗೆ ಕೊಟ್ಟವನು ಅವನೇ.