ಮನೆಗೆ ತಂದ ಮೇಲೆ ಹೊಣೆ ನಮ್ಮದು

ಕಾರಟಗಿಯ ರೈತರಿಗೆ ಇಲಿಯ ಬುದ್ಧಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಬೆಳೆದ ಭತ್ತ ತೆನೆಗಟ್ಟುವ ಹೊತ್ತಿಗೆ ಬದುಗಳಲ್ಲಿ ಬಿಲಗಳು ಕಾಣಿಸಿಕೊಳ್ಳುತ್ತವೆ. ಅಂಥ ಬಿಲ ಅಗೆದರೆ ಒಳಗೆ ಕತ್ತರಿಸಿ ಒಟ್ಟಿದ ತೆನೆಗಳೇ ಸಿಗುತ್ತವೆ. ರೈತರು ಬೋನು ಹೂಡುತ್ತಾರೆ, ಪಾಷಾಣ ಇಡುತ್ತಾರೆ. ಸಾಲ ಮಾಡಿ ಬೆಳೆದ ಬೆಳೆಯನ್ನು ಉಳಿಸಿಕೊಳ್ಳುವವರನ್ನು ದೂರುವಂತಿಲ್ಲ.

ಈ ಇಲಿಗೆ ದೂರದ ನೆಂಟನಾದ ಹ್ಯಾಮ್‌ಸ್ಟರ್ ಈಗ ಮೊಬೈಲ್ ವಿಡಿಯೊಗಳಲ್ಲಿ ಮಕ್ಕಳ ಮನಸ್ಸು ಗೆದ್ದಿದೆ. ಮಗು ಹಟ ಹಿಡಿಯುತ್ತದೆ, ದೊಡ್ಡ ಊರಿಗೆ ಹೋದ ಅಪ್ಪ ಅಮ್ಮ ಪುಟ್ಟ ಪಂಜರದ ಸಮೇತ ಅದನ್ನು ಕೊಂಡು ತರುತ್ತಾರೆ. ತರುವ ಮುನ್ನ ಅದರ ಕುಲಗೋತ್ರವನ್ನೊಮ್ಮೆ ತಿಳಿಯಬೇಕು.

ಸಾಕುಪ್ರಾಣಿಯಾಗಿ ಹೆಚ್ಚು ಪರಿಚಿತವಾದ ಸಿರಿಯನ್ ಹ್ಯಾಮ್‌ಸ್ಟರ್‌ನ ತವರು ಅಲೆಪ್ಪೊ ಸುತ್ತಲಿನ ಹೊಲಗಳು. 1930ರ ಏಪ್ರಿಲ್‌ನಲ್ಲಿ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಅಲ್ಲಿನ ಗೋಧಿ ಹೊಲವೊಂದನ್ನು ಆಳಕ್ಕೆ ಅಗೆಸಿ, ಒಂದು ತಾಯಿಯನ್ನೂ 11 ಮರಿಗಳನ್ನೂ ಹಿಡಿಸಿದರು. ರೋಗ ಸಂಶೋಧನೆಗೆ ಅವು ಬೇಕಾಗಿದ್ದವು. ತಾಯಿ ಉಳಿಯಲಿಲ್ಲ. ಜೆರುಸಲೇಮಿನಲ್ಲಿ ಬದುಕಿದ ಕೆಲವೇ ಮರಿಗಳ ಸಂತತಿ ಇಂದು ಲೋಕದ ಮನೆಮನೆಗಳಲ್ಲಿದೆ. ಅಲೆಪ್ಪೊದ ರೈತರ ಪಾಲಿಗೆ ಮಾತ್ರ ಅದು ಬೆಳೆ ತಿನ್ನುವ ಪಿಡುಗು, ಅಲ್ಲಿಯೂ ಅದಕ್ಕೆ ವಿಷ ಇಟ್ಟಿದ್ದಾರೆ. ಹುಟ್ಟಿದ ನೆಲದಲ್ಲಿ ಅದರ ಸಂಖ್ಯೆ ಇಳಿಯುತ್ತಿದೆ.

ಹೊಲದಲ್ಲಿ ಹಗೆಯಾದ ಜೀವ ಮನೆಯಲ್ಲಿ ಮುದ್ದಿನದಾಗುವುದು ಮನುಷ್ಯರು ಕೈಗೊಂಡ ತೀರ್ಮಾನದಿಂದ. ಬದುವಿನ ಇಲಿ ಬಿಸಿಲಾದರೆ ಆಳಕ್ಕಿಳಿಯುತ್ತದೆ, ಹಸಿದರೆ ಹುಡುಕಿಕೊಳ್ಳುತ್ತದೆ, ಹೆದರಿದರೆ ಓಡುತ್ತದೆ. ಪಂಜರದಲ್ಲಿರುವುದಕ್ಕೆ ಈ ಮೂರೂ ದಾರಿಗಳು ಮುಚ್ಚಿವೆ. ಮುಚ್ಚಿದವರೇ ಅವನ್ನು ಒದಗಿಸಿಕೊಡಬೇಕು.

ಮೊದಲನೆಯದು ತಂಪು. ಸಿರಿಯಾದ ಪ್ರಾಣಿ, ನಮ್ಮ ಬಿಸಿಲು ತಡೆದೀತು ಎಂದುಕೊಂಡರೆ ತಪ್ಪಾಗುತ್ತದೆ. ತವರಿನಲ್ಲಿ ಅದು ಹೆಚ್ಚಿನ ಹೊತ್ತನ್ನು ಸುಮಾರು 2 ಅಡಿ ಆಳದ ತಂಪು ಬಿಲದಲ್ಲಿ ಕಳೆಯುತ್ತದೆ. ಅದಕ್ಕೆ ಹಿತವಾದದ್ದು 20ರಿಂದ 24 ಡಿಗ್ರಿ. ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗದ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ತಗಡಿನ ಮಾಡಿನ ಕೆಳಗೆ ಇನ್ನೂ ಹೆಚ್ಚು. ಬೆವರಿ ಮೈ ತಣಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಮೈ ಚೆಲ್ಲಿ ಚಪ್ಪಟೆಯಾಗಿ ಮಲಗಿ, ಬಾಯಿ ಸುತ್ತ ಜೊಲ್ಲಾಗಿ, ಮುಟ್ಟಿದರೂ ಮಿಸುಕದಿದ್ದರೆ ಅದಕ್ಕೆ ಬಿಸಿಲು ಬಡಿದಿದೆ ಎಂದೇ ಅರ್ಥ. ತಣ್ಣನೆಯ ಕೋಣೆಗೆ ಒಯ್ದು, ಒದ್ದೆ ಬಟ್ಟೆಯಿಂದ ಮೈ ತಣಿಸಿ ಕೂಡಲೇ ಪಶುವೈದ್ಯರಲ್ಲಿಗೆ ಹೋಗಬೇಕು. ಐಸ್ ನೀರಿನಲ್ಲಿ ಅದ್ದಬಾರದು. ಪಂಜರದೊಳಗೆ ಬೋರಲು ಹಾಕಿದ ಮಣ್ಣಿನ ಮಡಕೆ, ಮಲಗಲು ಒಂದು ತುಂಡು ಶಹಾಬಾದ್ ಕಲ್ಲು ಸಾಧಾರಣ ಸೆಕೆಗೆ ನೆರವಾಗುತ್ತವೆ. ಕರೆಂಟು ಹೋಗುವ ಕಡುಬೇಸಿಗೆಗೆ ಅವು ಸಾಲವು.

ಎರಡನೆಯದು ಜಾಗ ಮತ್ತು ಏಕಾಂತ. ಕನಿಷ್ಠ 3 ಅಡಿ ಉದ್ದ, ಒಂದೂವರೆ ಅಡಿ ಅಗಲದ ಗೂಡು, ತೋಡಿಕೊಳ್ಳಲು ಅರ್ಧ ಅಡಿಗೂ ಮಿಕ್ಕಿ ಕಾಗದದ ಹಾಸು, ಸರಳುಗಳಿಲ್ಲದ ಚಕ್ರ ಬೇಕು. ಅಕ್ಕಿ ಗಿರಣಿಯ ಹೊಟ್ಟು ನಮ್ಮೂರಲ್ಲಿ ಸುಲಭವಾಗಿ ಸಿಗುತ್ತದೆಂದು ಅದನ್ನು ಹಾಸಬೇಡಿ, ಅದರ ಧೂಳು ಈ ಪುಟ್ಟ ಜೀವದ ಉಸಿರಿಗೆ ಕೇಡು. ಒಂಟಿಯಾಗಿದ್ದರೆ ಬೇಜಾರಾದೀತೆಂದು ಜೋಡಿ ತರುವವರಿದ್ದಾರೆ. ಬೆಳೆದ ಸಿರಿಯನ್ ಹ್ಯಾಮ್‌ಸ್ಟರ್‌ಗಳು ಒಂದೇ ಗೂಡಿನಲ್ಲಿ ಸಾಯುವವರೆಗೂ ಕಚ್ಚಾಡುತ್ತವೆ. ಗಂಡು ಹೆಣ್ಣಾದರೆ ಕೂಡಿದ 16 ದಿನಗಳಲ್ಲೇ ಮರಿಗಳಾಗುತ್ತವೆ, ಅವನ್ನೆಲ್ಲ ಸಾಕುವವರಾರು?

ಮೂರನೆಯದು ಊಟ. ನಾಲ್ಕು ಕಾಳು ಸಜ್ಜೆ, ಜೋಳ ಹಾಕಿ ದೂರ ಕುಳಿತು ನೋಡಿ: ತಿನ್ನುವ ಬದಲು ಎರಡೂ ಗಲ್ಲಕ್ಕೆ ತುರುಕಿಕೊಳ್ಳುತ್ತದೆ, ಮುಖ ಎರಡರಷ್ಟಾಗುತ್ತದೆ, ಮೂಲೆಗೆ ಓಡಿ ಮುಂಗಾಲುಗಳಿಂದ ಗಲ್ಲ ಒತ್ತಿ ಎಲ್ಲವನ್ನೂ ಹೊರಗೆ ಸುರಿದು ಬಚ್ಚಿಡುತ್ತದೆ. ಸಿರಿಯಾದ ಹೊಲದಲ್ಲಿ ಹೊಟ್ಟೆ ಹೊರೆದ ವಿದ್ಯೆ ಅದು. ಪ್ರೀತಿಯೆಂದು ಮಿರ್ಚಿ, ಚಾಕೊಲೇಟ್, ಈರುಳ್ಳಿ, ನಿಂಬೆ ಕೊಡಬೇಡಿ. ಸೊಪ್ಪು, ಸೌತೆಕಾಯಿಯನ್ನು ಚೆನ್ನಾಗಿ ತೊಳೆದು ಕೊಡಿ, ಹೊಲದ ಕೀಟನಾಶಕ ಅಂಗೈಯಷ್ಟು ದೇಹಕ್ಕೆ ಬೇಗ ತಟ್ಟುತ್ತದೆ. ಇಲಿಪಾಷಾಣ ಇಟ್ಟ ಮನೆಯಲ್ಲಿ ಗೂಡಿನ ಬಾಗಿಲು ಸದಾ ಭದ್ರವಾಗಿರಲಿ.

ಮಕ್ಕಳಿಗೂ ಒಂದು ಮಾತು ತಿಳಿಸಬೇಕು. ಇದು ರಾತ್ರಿ ಓಡಾಡಿ ಹಗಲು ಮಲಗುವ ಪ್ರಾಣಿ. ಶಾಲೆಯಿಂದ ಬಂದೊಡನೆ ಎಬ್ಬಿಸಿ ಹಿಡಿದರೆ ಕಚ್ಚುತ್ತದೆ, ಆ ತಪ್ಪು ಅದರದಲ್ಲ. ಆಯಸ್ಸು ಎರಡು, ಹೆಚ್ಚೆಂದರೆ ಮೂರು ವರ್ಷ. ಅಷ್ಟು ದಿನವೂ ನೀರು ಬದಲಿಸುವ, ಗೂಡು ಶುಚಿ ಮಾಡುವ ಕೆಲಸ ಮನೆಯ ದೊಡ್ಡವರದೇ. ಬೇಸರ ಬಂತೆಂದು ಗದ್ದೆಗೆ ಬಿಟ್ಟರೆ ನಾಯಿಗೋ ಹಾವಿಗೋ ಬಿಸಿಲಿಗೋ ಬಲಿಯಾಗುತ್ತದೆ.

ಕಾನೂನೂ ಇದನ್ನು ಮರೆತಿಲ್ಲ. ಕೇಂದ್ರ ಸರ್ಕಾರದ 2018ರ ಸಾಕುಪ್ರಾಣಿ ಅಂಗಡಿ ನಿಯಮಗಳು ನಾಯಿ, ಬೆಕ್ಕು, ಮೊಲಗಳ ಜೊತೆ ಹ್ಯಾಮ್‌ಸ್ಟರನ್ನೂ ಹೆಸರಿಸಿವೆ. ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಕೊಳ್ಳುವವರು ಆ ನೋಂದಣಿ ಪತ್ರವನ್ನು ಕೇಳಿ ನೋಡಬೇಕು.

ಬೇಸಿಗೆಯಲ್ಲಿ ತಂಪು ಕೋಣೆ, ಅಗಲವಾದ ಗೂಡು, ಸಣ್ಣ ಪ್ರಾಣಿಗಳನ್ನು ನೋಡಬಲ್ಲ ವೈದ್ಯರು, ಈ ಮೂರೂ ಇದ್ದರೆ ಸಂತೋಷದಿಂದ ತನ್ನಿ. ಒಂದು ಇಲ್ಲದಿದ್ದರೂ ಮಗುವಿಗೆ ಇಲ್ಲವೆನ್ನಿ, ಏಕೆಂಬುದನ್ನೂ ಬಿಡಿಸಿ ಹೇಳಿ. ಸಾಕಲಾಗದ ಜೀವವನ್ನು ಮನೆಗೆ ತರದಿರುವುದೂ ದಯೆಯೇ.