ಸೆಕೆಂಡಿಗೆ 400 ಕಿಡಿ

ಜಾಗ್ವಾರ್ ಎಫ್-ಟೈಪ್ ಆರ್ ಕಾರಿನ ಬಾನೆಟ್ ಕೆಳಗೆ 5 ಲೀಟರಿನ ವಿ8 ಎಂಜಿನ್, ಅದರ ನೆತ್ತಿಯ ಮೇಲೆ ಸೂಪರ್‌ಚಾರ್ಜರ್, ಎಂಟು ಸಿಲಿಂಡರಿಗೆ ಎಂಟು ಸ್ಪಾರ್ಕ್ ಪ್ಲಗ್. ಎಂಜಿನ್ನು ನಿಮಿಷಕ್ಕೆ 6000 ಸುತ್ತು ತಿರುಗುವಾಗ ಒಂದೊಂದು ಪ್ಲಗ್ಗೂ ಎರಡು ಸುತ್ತಿಗೊಮ್ಮೆ ಕಿಡಿ ಹಾರಿಸುತ್ತದೆ. ಲೆಕ್ಕ ಹಾಕಿದರೆ ಸೆಕೆಂಡಿಗೆ 50. ಎಂಟೂ ಸೇರಿ 400. ಗುಜರಾತಿನ ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಇಂಥ ಕಾರು ಕೊಳ್ಳಬಲ್ಲ ಮನೆಗಳ ಪೈಕಿ ಜವಳಿ, ವಜ್ರ, ಷೇರು ವ್ಯವಹಾರದ ಜೈನ ಮನೆತನಗಳು ಕಡಿಮೆಯಿಲ್ಲ. ಆ ಮನೆಗಳ ಧರ್ಮವೋ, ಬೆಂಕಿಗೂ ಜೀವವಿದೆ ಎನ್ನುತ್ತದೆ.

ಇದು ಕವಿಯ ಅಲಂಕಾರವಲ್ಲ. ಜೈನ ದರ್ಶನದಲ್ಲಿ ಮಣ್ಣು, ನೀರು, ಬೆಂಕಿ, ಗಾಳಿ, ಗಿಡಮರ ಇವೆಲ್ಲ ಒಂದೇ ಇಂದ್ರಿಯದ ಜೀವಿಗಳ ಮೈ. ಬೆಂಕಿಯನ್ನೇ ಮೈಯಾಗಿ ಪಡೆದ ಜೀವಕ್ಕೆ ತೇಜಸ್ಕಾಯ ಎಂದು ಹೆಸರು. ಅದರ ಆಯುಸ್ಸು ಹೆಚ್ಚೆಂದರೆ ಮೂರು ಹಗಲು ಮೂರು ರಾತ್ರಿ. ಜೈನ ಗ್ರಂಥ ತತ್ತ್ವಾರ್ಥಸೂತ್ರದ ಎರಡು ಪಾಠಗಳು ಇಲ್ಲೊಂದು ಕುತೂಹಲದ ಕಡೆ ಬೇರೆಯಾಗುತ್ತವೆ. ಕರ್ನಾಟಕದ ದಿಗಂಬರರು ಓದುವ ಪಾಠದಲ್ಲಿ ಬೆಂಕಿ ಚಲಿಸದ ಸ್ಥಾವರ ಜೀವಿಗಳ ಸಾಲಿನಲ್ಲಿದೆ. ಗುಜರಾತಿನ ಶ್ವೇತಾಂಬರರ ಪಾಠ ಬೆಂಕಿ ಮತ್ತು ಗಾಳಿಯನ್ನು ಎತ್ತಿ ಚಲಿಸುವ ತ್ರಸ ಜೀವಿಗಳ ಜತೆ ಕೂರಿಸುತ್ತದೆ. ಸಿಲಿಂಡರಿನೊಳಗೆ ಪ್ಲಗ್ಗಿನ ತುದಿಯಿಂದ ಹೊರಟ ಜ್ವಾಲೆ ಕಣ್ಣು ಮಿಟುಕಿಸುವುದರೊಳಗೆ ಪಿಸ್ಟನ್ನಿನ ಅಂಚು ಮುಟ್ಟುವುದನ್ನು ಬಲ್ಲ ಮೆಕ್ಯಾನಿಕ್ ಯಾವ ಪಾಠದ ಕಡೆ ವಾಲುತ್ತಾನೆ ಎಂದು ಬೇರೆ ಹೇಳಬೇಕಿಲ್ಲ.

ಶ್ವೇತಾಂಬರ ಆಗಮವಾದ ಭಗವತೀಸೂತ್ರದಲ್ಲಿ ಕಾಲೋದಾಯಿ ಎಂಬವನು ಮಹಾವೀರನಿಗೆ ಒಂದು ಪ್ರಶ್ನೆ ಹಾಕುತ್ತಾನೆ. ಒಬ್ಬ ಬೆಂಕಿ ಹೊತ್ತಿಸಿದ, ಇನ್ನೊಬ್ಬ ಅದನ್ನು ನಂದಿಸಿದ. ಯಾರ ಕರ್ಮ ಭಾರ? ಬೆಂಕಿಯೇ ಜೀವವಾದರೆ ನಂದಿಸಿದವನದೇ ಇರಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಮಹಾವೀರನ ಉತ್ತರ ಹಾಗಿಲ್ಲ. ನಂದಿಸಿದವನು ಬೆಂಕಿಯ ಜೀವಗಳನ್ನು ಹೆಚ್ಚು ಕೊಂದ, ನಿಜ. ಆದರೆ ಹೊತ್ತಿಸಿದವನಿಂದ ಮಣ್ಣು, ನೀರು, ಗಾಳಿ, ಗಿಡ, ಹುಳುಹುಪ್ಪಟೆ ಎಲ್ಲಕ್ಕೂ ಹಾನಿ, ಆದ್ದರಿಂದ ಅವನದೇ ಭಾರ. ಕಾಲೋದಾಯಿಯ ಕಾಲದಲ್ಲಿ ಹೊತ್ತಿಸುವವನು, ನಂದಿಸುವವನು ಬೇರೆ ಬೇರೆ ಆಗಿದ್ದರು. ಪೆಟ್ರೋಲ್ ಎಂಜಿನ್ನಿನಲ್ಲಿ ಎರಡನ್ನೂ ಮಾಡಿಸುವುದು ಆಕ್ಸಿಲರೇಟರ್ ಮೇಲಿನ ಒಂದೇ ಕಾಲು.

ಹಾಗಾದರೆ ಕಿಡಿ? ಅದು ಬೆಂಕಿಯೋ, ಬರೀ ವಿದ್ಯುತ್ತೋ? ಜೈನ ಸಾಧುಗಳ ನಡುವೆ ಈ ವಾದ ದಶಕಗಳಿಂದ ನಡೆದಿದೆ, ಮೈಕು ಬಳಸಬಹುದೇ, ದೀಪದ ಕೆಳಗೆ ಕೂರಬಹುದೇ ಎಂಬ ದಿನಬಳಕೆಯ ಪ್ರಶ್ನೆಗಳಿಂದ ಹುಟ್ಟಿದ ವಾದ. ಶ್ವೇತಾಂಬರ ತೇರಾಪಂಥದ ಮುನಿ ಮಹೇಂದ್ರಕುಮಾರರು ಭೌತಶಾಸ್ತ್ರ ಮುಂದಿಟ್ಟುಕೊಂಡು, ವಿದ್ಯುತ್ತು ಅಚಿತ್ತ, ಅಂದರೆ ನಿರ್ಜೀವ ಪುದ್ಗಲ (ಜಡದ್ರವ್ಯ) ಎಂದು ಬರೆದರು. ಮೂರ್ತಿಪೂಜಕ ಪರಂಪರೆಯ ಹಲವರು ಅದನ್ನು ಒಪ್ಪಲಿಲ್ಲ; ಸುಡುವುದು, ಬೆಳಗುವುದು ಎರಡೂ ಇರುವಾಗ ಬೆಂಕಿಯಲ್ಲ ಎನ್ನುವುದು ಹೇಗೆ ಎಂದರು. ಅಚಿತ್ತದ ಪಕ್ಷಕ್ಕೆ ಒಂದು ಗಟ್ಟಿ ಆಸರೆಯಿದೆ. ಗಾಳಿಯಿಲ್ಲದೆ ಬೆಂಕಿ ಉರಿಯದು ಎನ್ನುತ್ತದೆ ಆಗಮ. ಬಲ್ಬಿನೊಳಗಿನ ತಂತಿ ಗಾಳಿಯಿಲ್ಲದೆ ಬೆಳಗುತ್ತದೆ. ಆದ್ದರಿಂದ ಅದು ಬೆಂಕಿಯಲ್ಲ.

ಬಲ್ಬು ಇಲ್ಲಿ ಪಾರಾಯಿತು, ಸ್ಪಾರ್ಕ್ ಪ್ಲಗ್ ಪಾರಾಗದು. ಗಾಳಿಯನ್ನು ಬಲವಂತವಾಗಿ ಸಿಲಿಂಡರಿಗೆ ತುರುಕುವುದಕ್ಕಾಗಿಯೇ ಸೂಪರ್‌ಚಾರ್ಜರ್ ಇರುವುದು. ಕಿಡಿ ಅಚಿತ್ತ ಎಂದು ಬಿಟ್ಟುಬಿಟ್ಟರೂ ಅದರ ಹಿಂದೆಯೇ ಹೊತ್ತುವ ಪೆಟ್ರೋಲು ಯಾವ ಪಂಥದ ಲೆಕ್ಕದಲ್ಲೂ ಅಪ್ಪಟ ಬೆಂಕಿಯೇ.

ಇನ್ನು ಪ್ಲಗ್ಗಿನ ಆಯ್ಕೆ. ಮೊದಲನೆಯದು ಗ್ಯಾಪ್, ಅಂದರೆ ತುದಿಯಲ್ಲಿ ಕಿಡಿ ಹಾರಬೇಕಾದ ಸಂದು. ಸಿಲಿಂಡರಿನಲ್ಲಿ ಒತ್ತಡ ಹೆಚ್ಚಿದಷ್ಟೂ ಕಿಡಿಗೆ ಗ್ಯಾಪ್ ದಾಟುವುದು ಕಷ್ಟ. ಬ್ಯಾಟರಿಯ 12 ವೋಲ್ಟನ್ನು ಇಗ್ನಿಷನ್ ಕಾಯಿಲ್ 20–30 ಸಾವಿರಕ್ಕೆ ಏರಿಸಿದರೂ ಬೂಸ್ಟ್, ಅಂದರೆ ಸೂಪರ್‌ಚಾರ್ಜರ್ ತುರುಕುವ ಗಾಳಿಯ ಒತ್ತಡ, ಜೋರಾದಾಗ ಕಿಡಿ ಆರಿಹೋಗಬಹುದು. ಆದ್ದರಿಂದ ಬೂಸ್ಟ್ ಏರಿಸಿದವರು ಗ್ಯಾಪನ್ನು 1.1 ಮಿಲಿಮೀಟರಿನ ಆಸುಪಾಸಿನಿಂದ 0.7ರ ಹತ್ತಿರಕ್ಕೆ ಇಳಿಸುವುದುಂಟು. ಎರಡನೆಯದು ಹೀಟ್ ರೇಂಜ್, ಅಂದರೆ ಪ್ಲಗ್ಗು ಶಾಖ ಬಿಟ್ಟುಕೊಡುವ ವೇಗ. ಪ್ಲಗ್ಗಿನ ತುದಿ ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಮಸಿ ಕಟ್ಟುತ್ತದೆ, 900ರ ಹತ್ತಿರ ಹೋದರೆ ತುದಿಯೇ ಕೆಂಡವಾಗಿ, ಕಿಡಿ ಹಾರುವ ಮೊದಲೇ ಇಂಧನ ಹೊತ್ತಿಕೊಳ್ಳುತ್ತದೆ. ಹಾಗೆ ಹೊತ್ತಿದ ಬೆಂಕಿ ಪಿಸ್ಟನ್ನನ್ನೇ ಕರಗಿಸಬಲ್ಲದು. ಅದಕ್ಕೇ ಬೂಸ್ಟ್ ಏರಿಸಿದವರಿಗೆ ಶಾಖವನ್ನು ಬೇಗ ಬಿಟ್ಟುಕೊಡುವ ‘ಕೋಲ್ಡ್’ ಪ್ಲಗ್, ಕಂಪನಿ ಹಾಕಿದ್ದಕ್ಕಿಂತ ಒಂದು ಮೆಟ್ಟಿಲು ತಣ್ಣನೆಯದು, ಬೂಸ್ಟ್ ತೀರ ಜಾಸ್ತಿಯಾದರೆ ಎರಡು. ಎನ್‌ಜಿಕೆ ಕಂಪನಿಯ ಪ್ಲಗ್ಗಿನಲ್ಲಿ ಹೀಟ್ ರೇಂಜಿನ ಅಂಕಿ ಏರಿದಂತೆ ಪ್ಲಗ್ ತಣ್ಣಗೆ, ಬಾಷ್‌ನಲ್ಲಿ ಅದಕ್ಕೆ ತಿರುಗುಮುರುಗು. ಇದು ಗೊತ್ತಿಲ್ಲದೆ ಕೊಂಡವರು ಎಂಜಿನ್ನು ಬಿಚ್ಚಿಸಬೇಕಾದೀತು. ತುದಿಯ ಲೋಹ ಇರಿಡಿಯಂ ಆದರೆ 2400 ಡಿಗ್ರಿ ದಾಟುವ ತನಕ ಕರಗದು, ಬಾಳಿಕೆ ಹೆಚ್ಚು. ಆದರೂ ಪದೇ ಪದೇ ಪ್ಲಗ್ ಬದಲಿಸುವ ರೇಸಿನವರು ಅಗ್ಗದ ನಿಕ್ಕಲ್ಲೇ ಸಾಕು ಎನ್ನುವುದಿದೆ.

ಹೀಗೆ ಬೆಂಕಿ ಹಚ್ಚಿ ತಾನು ಮಾತ್ರ ಬೆಂಕಿಯಾಗದ ಪ್ಲಗ್ಗನ್ನು ಆರಿಸುವುದು ಎಂಜಿನ್ನು ಉಳಿಸಿಕೊಳ್ಳುವ ಜಾಣತನ. ಅದನ್ನು ಅಹಿಂಸೆ ಎಂದು ಕರೆದು ಬೆನ್ನು ತಟ್ಟಿಕೊಳ್ಳಬೇಕಿಲ್ಲ.

ಸೂರತ್‌ಗೆ ಹೋದರೆ ಇದೇ ಬೆಂಕಿಗೆ ಇನ್ನೊಂದು ಮುಖ. ಪಾರ್ಸಿಗಳ ಅತ್ಯುನ್ನತ ದರ್ಜೆಯ ಅಗ್ನಿಮಂದಿರ ಆತಶ್ ಬೆಹರಾಮ್. ಸೂರತ್‌ನಲ್ಲಿ ಎರಡಿವೆ, ಎರಡೂ 1823ರಲ್ಲಿ ಪ್ರತಿಷ್ಠಾಪನೆಯಾದವು. ಅಂಥ ಬೆಂಕಿಯನ್ನು 16 ಬಗೆಯ ಬೆಂಕಿಗಳಿಂದ ಶುದ್ಧಿ ಮಾಡಿ ಕೂಡಿಸಬೇಕು: ಕುಂಬಾರನದು, ಕಮ್ಮಾರನದು, ಅಕ್ಕಸಾಲಿಯದು, ಜತೆಗೆ ಸಿಡಿಲು ಬಡಿದು ಹೊತ್ತಿದ್ದು. ಆಕಾಶದ ಕಿಡಿಗೂ ಅಲ್ಲಿ ಪವಿತ್ರ ಸ್ಥಾನವಿದೆ. ದಿನಕ್ಕೆ ಐದು ಹೊತ್ತು ಕಟ್ಟಿಗೆಯಿಟ್ಟು, ಆರದಂತೆ ಕಾಯುವುದು ಅವರ ಧರ್ಮ. ಜೈನರಿಗೆ ಬೆಂಕಿ ಹೊತ್ತಿಸುವುದೇ ಹಿಂಸೆ, ಪಾರ್ಸಿಗಳಿಗೆ ಆರಗೊಡುವುದು ಅಪಚಾರ. ದಸರೆಯಂದು ಕಾರಿಗೆ ಹೂವಿನ ಹಾರ ಹಾಕುವ ನಮ್ಮವರು ಇವೆರಡರ ಗೊಡವೆಗೂ ಹೋಗದೆ ಬಾನೆಟ್ಟಿಗೆ ಕುಂಕುಮವಿಟ್ಟು ಬರುತ್ತಾರೆ.

ಜೈನ ಗೃಹಸ್ಥ ಬೆಂಕಿ ಬಿಟ್ಟು ಬದುಕಲಾರ, ಇದು ಶಾಸ್ತ್ರಕಾರರಿಗೂ ಗೊತ್ತಿತ್ತು. ಶ್ರಾವಕರು, ಅಂದರೆ ಗೃಹಸ್ಥರು, ಬಿಡಬೇಕಾದ 15 ಕಸುಬುಗಳ ಪಟ್ಟಿಯಲ್ಲಿ ಇದ್ದಿಲ ಕೆಲಸವಿದೆ, ಗಾಡಿ ಮಾಡಿ ಮಾರುವುದಿದೆ, ಗಾಡಿ ಬಾಡಿಗೆಗೆ ಬಿಡುವುದೂ ಇದೆ. ಇಂದು ಆ ಪಟ್ಟಿಯನ್ನು ಅಕ್ಷರಶಃ ಹಿಡಿದರೆ ಕಾರಿನ ಷೋರೂಮು ಇಟ್ಟ ಜೈನರೆಲ್ಲ ಬಾಗಿಲು ಹಾಕಬೇಕು. ಸಾಧುಗಳ ಕಡೆಯೂ ಸಡಿಲಿಕೆಗಳಾಗಿವೆ. ತೇರಾಪಂಥದ ಆಚಾರ್ಯ ತುಲಸಿ 1980ರಲ್ಲಿ ಆರಂಭಿಸಿದ, ಸಾಧುಗಳಿಗೂ ಗೃಹಸ್ಥರಿಗೂ ನಡುವಿನ ಸಮಣ–ಸಮಣಿ ವರ್ಗಕ್ಕೆ ವಾಹನ ಹತ್ತಲು ಅನುಮತಿಯಿದೆ. ಕರ್ನಾಟಕದ ಜೈನ ಮಠಗಳ ಭಟ್ಟಾರಕರೂ ಕಾರಿನಲ್ಲಿ ಓಡಾಡುತ್ತಾರೆ. ಹಾಗಾಗಿ ಕಿಡಿಗೆ ಜೀವವಿದೆಯೇ ಎಂಬ ಪ್ರಶ್ನೆಗಿಂತ ಹಿಂದಿನ ಜೈನಾಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎತ್ತಿದ ಮಾತು ಈ ಕಾರಿಗೆ ಹತ್ತಿರದ್ದು. ಗೃಹಸ್ಥನ ವ್ರತಗಳಲ್ಲೊಂದು ಅನರ್ಥದಂಡವನ್ನು, ಅಂದರೆ ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡುವುದು. ಅದರ ಒಂದು ಬಗೆಯನ್ನು ವಿವರಿಸುವಾಗ ಅವರು ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದರ ಜತೆಗೆ ಸುಮ್ಮನೆ ಸುತ್ತುವುದನ್ನೂ ಸೇರಿಸುತ್ತಾರೆ. ಆಸ್ಪತ್ರೆಗೆ ಓಡುವ ಕಾರಿನ ಕಿಡಿಗೂ ಮಧ್ಯರಾತ್ರಿ ಹೆದ್ದಾರಿಯಲ್ಲಿ ಮೋಜಿಗೆ ಓಡುವ ಕಾರಿನ ಕಿಡಿಗೂ ಭೌತಶಾಸ್ತ್ರದಲ್ಲಿ ವ್ಯತ್ಯಾಸವಿಲ್ಲ, ಈ ವ್ರತದಲ್ಲಿ ಇದೆ. 2023ರ ಜನವರಿಯಲ್ಲಿ ವಡೋದರಾದ ಲಕ್ಷ್ಮೀವಿಲಾಸ ಅರಮನೆಯ ಅಂಗಳದಲ್ಲಿ ಹಳೆಯ ರಾಜವೈಭವದ ಕಾರುಗಳ ಪ್ರದರ್ಶನ ನಡೆಯಿತು. ಅಂಗಳದಲ್ಲಿ ನಿಂತು ಮೆಚ್ಚುಗೆ ಗಳಿಸಿದಷ್ಟು ಹೊತ್ತು ಆ ಕಾರುಗಳ ಮೇಲೆ ಕಿಡಿಯ ಪಾಪ ಕಡಿಮೆ. ಆಸ್ತಿ ಕೂಡಿಡಬಾರದೆನ್ನುವ ಅಪರಿಗ್ರಹ ವ್ರತದವರು ಮಾತ್ರ ಬೇರೆ ಲೆಕ್ಕ ತೆಗೆದಾರು.

ವೇಗದ ಸುಖಕ್ಕೆ ಯಾವ ಅರ್ಥವೂ ಇಲ್ಲವೆಂದು ಸಾಧಿಸುವುದು ಸುಲಭವಲ್ಲ. ಸಂಗೀತಕ್ಕೆ ಏನು ಪ್ರಯೋಜನ ಎಂದು ಕೇಳಿದರೂ ಇದೇ ಪೇಚು. ಆದರೆ ಆ ಸುಖ ಖಾಲಿ ಟ್ರ್ಯಾಕಿನದೋ, ಊರ ರಸ್ತೆಯದೋ ಎಂಬುದನ್ನು ನೋಡಬೇಕು. 2023ರ ಜುಲೈ 20ರಂದು, ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಅಹಮದಾಬಾದಿನ ಇಸ್ಕಾನ್ ಮೇಲ್ಸೇತುವೆಯ ಮೇಲೆ, ಮೊದಲೇ ಆಗಿದ್ದ ಅಪಘಾತವೊಂದನ್ನು ನೋಡುತ್ತ ನಿಂತಿದ್ದ ಜನರ ಮೇಲೆ ವೇಗವಾಗಿ ಬಂದ ಐಷಾರಾಮಿ ಕಾರು ನುಗ್ಗಿತು. ಸತ್ತವರು ಒಂಬತ್ತು ಮಂದಿ, ಎಲ್ಲರೂ ಐದು ಇಂದ್ರಿಯದ ಜೀವಗಳೇ. ಕಾರ್ತಿಕ ಹುಣ್ಣಿಮೆಗೆ ಚಾತುರ್ಮಾಸ ಮುಗಿದ ಮೇಲೆ ಬರಿಗಾಲಿನ ಸಾಧು–ಸಾಧ್ವಿಯರು ಊರಿಂದೂರಿಗೆ ನಡೆಯುವ ವಿಹಾರ ಹೊರಡುವುದೂ ಗುಜರಾತಿನ ಇಂಥ ರಸ್ತೆಗಳಲ್ಲೇ. ಲಾರಿಯೋ ಕಾರೋ ಬಡಿದು ಅವರಲ್ಲಿ ಕೆಲವರು ತೀರಿಕೊಂಡಿದ್ದಾರೆ. ಈಗೀಗ ಊರೂರಿನ ಜೈನ ಯುವಕರು ಹೊಳೆಯುವ ಜಾಕೆಟ್ ತೊಟ್ಟು, ವಾಹನಗಳಿಗೆ ಕೈಯೊಡ್ಡುತ್ತ, ಅವರ ಜತೆ ಮುಂದಿನ ಊರಿನವರೆಗೆ ನಡೆಯುತ್ತಾರೆ.