ಆಕಾಶಕ್ಕೊಂದು ಬಿತ್ತುವಟ್ಟ

ನಮ್ಮ ನಾಡಿನ ಹಳೆಯ ಶಾಸನಗಳಲ್ಲಿ ‘ಬಿತ್ತುವಟ್ಟ’ವೆಂಬ ಒಂದು ಮಾತು ಅಲ್ಲಲ್ಲಿ ಬರುತ್ತದೆ. ಕೆರೆಯನ್ನು ಕಟ್ಟಿಸಿದವನಿಗೋ ಅದರ ಪಾಲನೆಯ ಭಾರವನ್ನು ಹೊತ್ತವನಿಗೋ ಬಿಟ್ಟುಕೊಡುತ್ತಿದ್ದ ಭೂಮಿಯ ದತ್ತಿ ಅದು. ಅದರ ಹಿಂದಿನ ವಿವೇಕವನ್ನು ಗಮನಿಸಬೇಕು. ಏರಿಯನ್ನು ಹಾಕಿಸಿ ಕಲ್ಲು ನೆಡಿಸಿದ ದಿನ ದೊರೆಗೆ ಕೀರ್ತಿ ಬರುತ್ತದೆ; ಆದರೆ ವರ್ಷವರ್ಷವೂ ಹೂಳೆತ್ತಿ, ತೂಬನ್ನು ಸರಿಪಡಿಸಿ, ಮಳೆ ಬಾರದ ಕಾಲದಲ್ಲಿಯೂ ಏರಿಯ ಬಿರುಕನ್ನು ಮುಚ್ಚುವ ಕೆಲಸಕ್ಕೆ ಯಾವ ಕೀರ್ತಿಯೂ ಇಲ್ಲ; ಆದುದರಿಂದಲೇ ಅಂತಹ ಕೆಲಸಕ್ಕೆ ಆಳುವವರ ಮನೋಧರ್ಮವನ್ನು ಅವಲಂಬಿಸದ ಸ್ಥಿರವಾದ ಉತ್ಪತ್ತಿಯೊಂದು ಬೇಕೆಂಬುದನ್ನು ಆ ಕಾಲದ ಜನ ಕಂಡುಕೊಂಡಿದ್ದರು. ರಾಷ್ಟ್ರವೊಂದು ಮುಂಬರುವ ಕಾಲದ ವೈಮಾನಿಕ ಸಂಶೋಧನೆಗೆ ಹೇಗೆ ಹಣವನ್ನೊದಗಿಸಬೇಕೆಂದು ಯೋಚಿಸುವಾಗ ನನಗೆ ಈ ಹಳೆಯ ಮಾತೇ ನೆನಪಿಗೆ ಬರುತ್ತದೆ.

ಈ ವಿಷಯವನ್ನು ನಾವು ಸಾಮಾನ್ಯವಾಗಿ ಮೊತ್ತದ ವಿಷಯವಾಗಿ ಚರ್ಚಿಸುತ್ತೇವೆ. 2020-21ರಲ್ಲಿ ನಮ್ಮ ದೇಶ ಎಲ್ಲ ಬಗೆಯ ಸಂಶೋಧನೆಗೂ ಸೇರಿಸಿ ರಾಷ್ಟ್ರೋತ್ಪನ್ನದ ಶೇಕಡಾ 0.64ರಷ್ಟನ್ನು ಮಾತ್ರ ವ್ಯಯಮಾಡಿತೆಂಬುದು ನಾಚಿಕೆಪಡತಕ್ಕ ಸಂಗತಿಯೇ ಸರಿ. ಆದರೆ ಎಷ್ಟು ಎಂಬುದಕ್ಕೆ ಮೊದಲು ಏತಕ್ಕೆ ಎಂಬ ಪ್ರಶ್ನೆ ಇತ್ಯರ್ಥವಾಗಬೇಕು. ವಿಮಾನವನ್ನು ಕೊಂಡವನಿಗೆ ಹಣಕ್ಕೆ ಪ್ರತಿಯಾಗಿ ವಿಮಾನ ದೊರೆಯುತ್ತದೆ. ಸಂಶೋಧನೆಗೆ ಹಣವಿತ್ತವನಿಗೆ ಪ್ರತಿಯಾಗಿ ದೊರೆಯುವುದೇನು? ವಸ್ತುವೆಂದು ಉತ್ತರ ಹೇಳುವವರು, ವಸ್ತು ಬಾರದ ದಿನ, ಹಣ ಪೋಲಾಯಿತೆಂದು ತೀರ್ಮಾನಿಸುವುದು ಅನಿವಾರ್ಯ. ನನ್ನ ಉತ್ತರ ಬೇರೆ. ಸಂಶೋಧನೆಯಿಂದ ದೊರೆಯತಕ್ಕದ್ದು ತಪ್ಪನ್ನು ಕಂಡು ತಿದ್ದಬಲ್ಲ ಜನ, ಮತ್ತು ಆ ತಪ್ಪನ್ನು ತೋರಿಸಿಕೊಡಬಲ್ಲ ಪರೀಕ್ಷಾಸಾಧನ. ವಸ್ತು ಇವೆರಡರ ಫಲ.

ಬೆಂಗಳೂರಿನ ಚರಿತ್ರೆಯಲ್ಲಿಯೇ ಇದಕ್ಕೆ ನಿದರ್ಶನವುಂಟು. ಜರ್ಮನಿಯ ಪ್ರಸಿದ್ಧ ವಿನ್ಯಾಸಕಾರ ಕುರ್ಟ್ ಟ್ಯಾಂಕನ ನೇತೃತ್ವದಲ್ಲಿ ಇಲ್ಲಿ ರೂಪುಗೊಂಡ ‘ಮರುತ್’ ಯುದ್ಧವಿಮಾನ 1961ರ ಜೂನ್ 17ರಂದು ಮೊದಲ ಬಾರಿಗೆ ಮೇಲೇರಿತು. ಶಬ್ದವೇಗದ ಇಮ್ಮಡಿಯನ್ನು ಉದ್ದೇಶಿಸಿದ್ದ ಆ ವಿಮಾನಕ್ಕೆಂದು ಎಣಿಸಿದ್ದ ಎಂಜಿನಿನ ಅಭಿವೃದ್ಧಿಯನ್ನು ಇಂಗ್ಲೆಂಡಿನವರು ನಡುವೆಯೇ ಕೈಬಿಟ್ಟರು. ಅದನ್ನು ಮುಂದುವರಿಸುವ ವೆಚ್ಚವನ್ನು ಹೊರಲು ನಮ್ಮ ಸರ್ಕಾರ ಒಪ್ಪಲಿಲ್ಲ. ಈಜಿಪ್ಟಿನಲ್ಲಿ ಸಿದ್ಧವಾಗುತ್ತಿದ್ದ ಎಂಜಿನೊಂದನ್ನು ಅಳವಡಿಸುವ ಯತ್ನವೂ ಫಲಿಸಲಿಲ್ಲ. ಅಂದವಾದ ದೇಹಕ್ಕೆ ಅಲ್ಪಪ್ರಾಣವನ್ನು ತುಂಬಿದಂತಾಗಿ, 1971ರ ಯುದ್ಧದಲ್ಲಿ ನಿಷ್ಠೆಯಿಂದ ಸೇವೆ ಸಲ್ಲಿಸಿಯೂ, ಮರುತ್ ಶಬ್ದವೇಗದ ಹೊಸ್ತಿಲಲ್ಲಿಯೇ ನಿಂತಿತು. ಅಂದು ಉಳಿಸಿದ ಹಣ ದೊಡ್ಡದಲ್ಲ, ಕಳೆದುಕೊಂಡದ್ದು ದೊಡ್ಡದು. ನಮ್ಮದೇ ವಿನ್ಯಾಸದ ಮುಂದಿನ ಯುದ್ಧವಿಮಾನವಾದ ತೇಜಸ್ ಮೊದಲು ಹಾರಿದ್ದು 2001ರ ಜನವರಿ 4ರಂದು. ನಡುವೆ ನಲವತ್ತು ವರ್ಷ. ಕಲಿತ ಕೈಗಳು ಕಲಿಸುವುದಕ್ಕೆ ಎಳೆಯ ಕೈಗಳನ್ನು ಕಾಣದೆ ನಿವೃತ್ತವಾಗಲು ಅಷ್ಟು ಕಾಲ ಧಾರಾಳವಾಗಿ ಸಾಕು.

ಇದಕ್ಕೆ ಎದುರಾಗಿ ಮತ್ತೊಂದು ಕಥೆಯನ್ನಿಟ್ಟು ನೋಡೋಣ. ಮೈನಸ್ 253 ಡಿಗ್ರಿಯ ದ್ರವಜಲಜನಕವನ್ನು ಉರಿಸುವ ಕ್ರಯೋಜೆನಿಕ್ ಎಂಜಿನಿನ ವಿದ್ಯೆಯನ್ನು ರಷ್ಯಾದಿಂದ ಪಡೆಯುವ ಒಪ್ಪಂದ, ಅಮೆರಿಕದ ಒತ್ತಡದ ಫಲವಾಗಿ, 1993ರಲ್ಲಿ ಮುರಿದುಬಿದ್ದಿತು. ಸಿದ್ಧ ಎಂಜಿನುಗಳು ಬಂದವು, ವಿದ್ಯೆ ಬರಲಿಲ್ಲ. ಮರುವರ್ಷ ಇಸ್ರೋ ಸ್ವಂತ ಯೋಜನೆಯನ್ನು ಕೈಗೊಂಡಿತು. 2010ರ ಏಪ್ರಿಲಿನಲ್ಲಿ ಆ ಸ್ವದೇಶೀ ಎಂಜಿನನ್ನು ಹೊತ್ತ ಮೊದಲ ರಾಕೆಟ್ಟು ಸಮುದ್ರದ ಪಾಲಾಯಿತು. ಹದಿನಾರು ವರ್ಷಗಳ ವೆಚ್ಚ ಒಂದು ಕ್ಷಣದಲ್ಲಿ ನೀರುಪಾಲಾಯಿತೆಂದು ಲೆಕ್ಕ ಹಾಕುವವರಿಗೆ ಅಂದು ಅವಕಾಶವಿತ್ತು. ಆದರೆ ಯೋಜನೆ ನಿಲ್ಲಲಿಲ್ಲ, ಜನ ಚದುರಲಿಲ್ಲ, ಮಹೇಂದ್ರಗಿರಿಯ ಪರೀಕ್ಷಾಂಗಣದಲ್ಲಿ ಕೆಲಸ ನಡೆಯುತ್ತಲೇ ಇದ್ದಿತು. 2014ರ ಜನವರಿ 5ರಂದು ಎಂಜಿನು ಉರಿಯಿತು, ಉಪಗ್ರಹ ಕಕ್ಷೆಯನ್ನು ಸೇರಿತು. ಇಲ್ಲಿ ವಿನ್ಯಾಸ ಮಾಡುವವರೂ ಬಳಸುವವರೂ ಒಂದೇ ಮನೆಯವರಾಗಿದ್ದುದು ದೊಡ್ಡ ಅನುಕೂಲವಾಯಿತೆಂಬುದನ್ನು ಮರೆಯಬಾರದು. ಆದರೂ ಎರಡು ಕಥೆಗಳ ನಡುವಣ ಮುಖ್ಯ ಭೇದ ಬುದ್ಧಿಯದಲ್ಲ. ಮೊದಲನೆಯದರಲ್ಲಿ ತಾಳ್ಮೆಯ ಥೈಲಿ ಬೇಗ ಬರಿದಾಯಿತು, ಎರಡನೆಯದರಲ್ಲಿ ಆಗಲಿಲ್ಲ.

ಮೂರನೆಯ ನಿದರ್ಶನ ಇವೆರಡರ ನಡುವೆ ನಿಲ್ಲತಕ್ಕದ್ದು. ತೇಜಸ್ಸಿಗೆಂದು ‘ಕಾವೇರಿ’ ಎಂಜಿನಿನ ಯೋಜನೆ 1989ರಲ್ಲಿ ಸುಮಾರು 383 ಕೋಟಿ ರೂಪಾಯಿಗಳಿಗೆ ಮಂಜೂರಾಯಿತು. ಜೆಟ್ ಎಂಜಿನಿನ ಹೃದಯದಲ್ಲಿರುವ ಅಲಗುಗಳು ತಮ್ಮ ಲೋಹವೇ ಕರಗಬಹುದಾದಷ್ಟು ಕಾದ ಅನಿಲದ ನಡುವೆ ತಿರುಗಬೇಕು. ಅದಕ್ಕಾಗಿ ಇಡೀ ಅಲಗನ್ನು ಒಂದೇ ಸ್ಫಟಿಕವಾಗಿ ಎರಕ ಹೊಯ್ಯುವ ವಿದ್ಯೆ ಬೇಕು. ಈ ವಿದ್ಯೆಯನ್ನು ಬಲ್ಲ ದೇಶಗಳು ಬೆರಳೆಣಿಕೆಯಷ್ಟು, ಕಲಿಸಬಯಸುವ ದೇಶಗಳು ಅದಕ್ಕಿಂತ ಕಡಿಮೆ. ಇಷ್ಟು ಕಠಿನವಾದ ಕಾರ್ಯಕ್ಕೆ ಕೈಹಾಕಿದ ದೇಶದಲ್ಲಿ ಎತ್ತರದ ಆಕಾಶದ ಸ್ಥಿತಿಯನ್ನು ನೆಲದ ಮೇಲೆ ನಿರ್ಮಿಸಿ ಎಂಜಿನನ್ನು ಪರೀಕ್ಷಿಸುವ ಸೌಕರ್ಯವಿರಲಿಲ್ಲ. ಅದಕ್ಕೆ ರಷ್ಯಾಕ್ಕೆ ಹೋಗಬೇಕಾಯಿತು. ತಪ್ಪನ್ನು ಕಾಣುವ ಕನ್ನಡಿ ಪರರ ಮನೆಯಲ್ಲಿದ್ದರೆ ಮುಖವನ್ನು ದಿನಕ್ಕೆಷ್ಟು ಸಲ ನೋಡಿಕೊಳ್ಳಲಾದೀತು? 2008ರಲ್ಲಿ ಕಾವೇರಿಯನ್ನು ತೇಜಸ್ಸಿನಿಂದ ಬೇರ್ಪಡಿಸಲಾಯಿತು. ತೇಜಸ್ ಇಂದಿಗೂ ಅಮೆರಿಕದ ಎಂಜಿನಿನಿಂದಲೇ ಹಾರುತ್ತದೆ. ನಾವು ವಸ್ತುವಿಗೆ ಹಣ ಕೊಟ್ಟೆವು. ವಸ್ತುವನ್ನು ಸಾಧ್ಯಗೊಳಿಸುವ ನೆಲೆಗೆ ಕೊಡಲು ಮರೆತೆವು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆ ಏಳುತ್ತದೆ. ಶಾಲೆಗೆ ಸೂರಿಲ್ಲದ, ಆಸ್ಪತ್ರೆಗೆ ಔಷಧವಿಲ್ಲದ ಊರುಗಳಿರುವ ದೇಶದಲ್ಲಿ, ಫಲವನ್ನು ಕೇಳಬೇಡಿ ಎನ್ನುವ ಜನರಿಗೆ ಪ್ರಜೆಗಳ ತೆರಿಗೆಯನ್ನು ಸುರಿಯುವುದು ಧರ್ಮವೆ? ಸ್ಥಿರವಾದ ಉತ್ಪತ್ತಿ ಸೋಮಾರಿತನಕ್ಕೂ ಸ್ಥಿರವಾದ ಆಶ್ರಯವಾಗುವುದಿಲ್ಲವೆ? ಆಗುತ್ತದೆ; ದತ್ತಿಯನ್ನುಂಡು ಕೆರೆಯನ್ನು ಮರೆತವರೂ ಇದ್ದಿರಬೇಕು. ಆದುದರಿಂದ ನಾನು ಲೆಕ್ಕ ಕೇಳಬೇಡಿರೆಂದು ಹೇಳುತ್ತಿಲ್ಲ. ಬೇರೆ ಲೆಕ್ಕವನ್ನು ಕೇಳಿರೆಂದು ಹೇಳುತ್ತಿದ್ದೇನೆ. ಬಿತ್ತುವಟ್ಟವನ್ನು ಪಡೆದವನನ್ನು ಮಳೆ ಎಷ್ಟು ಬಂದಿತೆಂದು ಯಾರೂ ಕೇಳುವಂತಿರಲಿಲ್ಲ. ಏರಿ ಭದ್ರವಾಗಿದೆಯೆ, ಹೂಳು ತೆಗೆದಿದೆಯೆ ಎಂದು ಕೇಳಬಹುದಾಗಿತ್ತು. ಹಾಗೆಯೇ ಸಂಶೋಧಕನನ್ನೂ ಕೇಳಬೇಕು: ಈ ವರ್ಷ ಯಾವ ಪ್ರಶ್ನೆಯನ್ನೆತ್ತಿಕೊಂಡಿರಿ, ಎಷ್ಟು ಸಲ ಪರೀಕ್ಷಿಸಿದಿರಿ, ಸೋತದ್ದೇಕೆಂದು ಬರೆದಿಟ್ಟಿರಾ, ಯಾರಿಗೆ ಕಲಿಸಿದಿರಿ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದ ಯೋಜನೆಯನ್ನು ನಿರ್ದಾಕ್ಷಿಣ್ಯವಾಗಿ ಮುಚ್ಚಬಹುದು. ಯೋಜನೆಯನ್ನು ಮುಚ್ಚುವುದು ಬೇರೆ, ಪ್ರಯೋಗಶಾಲೆಯನ್ನು ಬಡವಾಗಿಸುವುದು ಬೇರೆ.

ಮೊತ್ತ ಹಿರಿದಾಗಿರಲೇಬೇಕೆಂಬ ನಿಯಮವೂ ಇಲ್ಲ. ಅಮೆರಿಕವು 1915ರಲ್ಲಿ ತನ್ನ ವೈಮಾನಿಕ ಸಂಶೋಧನೆಗೆ ರಾಷ್ಟ್ರೀಯ ಸಮಿತಿಯೊಂದನ್ನು ನೇಮಿಸಿದಾಗ ನೌಕಾಬಲದ ಆಯವ್ಯಯಕ್ಕೆ ಬಾಲದಂತೆ ಅಂಟಿಸಿ ಕೊಟ್ಟ ವಾರ್ಷಿಕ ಮೊತ್ತ ಐದು ಸಾವಿರ ಡಾಲರು. ಆ ಸಮಿತಿ ವಿಮಾನಗಳನ್ನು ಕಟ್ಟಿ ಮಾರುವ ಗೋಜಿಗೆ ಹೋಗಲಿಲ್ಲ. ವಾಯುಸುರಂಗಗಳನ್ನು ಕಟ್ಟಿತು, ರೆಕ್ಕೆಯ ಆಕೃತಿಗಳನ್ನು ಅಳೆದು ಪ್ರಕಟಿಸಿತು, ಆ ಅಳತೆಗಳನ್ನು ಎಲ್ಲ ತಯಾರಕರೂ ಬಳಸಿಕೊಂಡರು. ನಾಸಾ 1958ರಲ್ಲಿ ಹುಟ್ಟಿದ್ದು ಈ ಬುನಾದಿಯ ಮೇಲೆ. ನಮ್ಮಲ್ಲಿಯೂ ಇಂತಹ ದೃಷ್ಟಿ ಇರಲಿಲ್ಲವೆಂದಲ್ಲ. 1960ರಲ್ಲಿ ಬೆಂಗಳೂರಿಗೆ ಬಂದು ಜಯಮಹಲಿನ ಅರಮನೆಯ ಕುದುರೆಲಾಯದಲ್ಲಿ ಕೆಲಸವನ್ನಾರಂಭಿಸಿದ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆ, ಸತೀಶ ಧವನರ ಮಾರ್ಗದರ್ಶನದಲ್ಲಿ 1.2 ಮೀಟರಿನ ವಾಯುಸುರಂಗವನ್ನು 1967ರ ಹೊತ್ತಿಗೆ ನಡೆಸತೊಡಗಿತು. ಅನಂತರದ ನಮ್ಮ ವಿಮಾನಗಳೂ ರಾಕೆಟ್ಟುಗಳೂ ಅದರ ಗಾಳಿಯಲ್ಲಿ ನಿಂತು ಪರೀಕ್ಷೆಗೊಳಗಾಗಿವೆ. ಅದನ್ನು ಕಟ್ಟುವಾಗ ಆ ವಿಮಾನಗಳಲ್ಲಿ ಹಲವಕ್ಕೆ ಹೆಸರೂ ಇರಲಿಲ್ಲ.

ಈಗ ಹಣದ ಮಾತು ದೊಡ್ಡದಾಗಿಯೇ ಕೇಳಿಬರುತ್ತಿದೆ. 2023ರ ಕಾಯಿದೆಯಿಂದ ಸ್ಥಾಪಿತವಾದ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿಗಳನ್ನು ಎಣಿಸಲಾಗಿದೆ. ಅದರಲ್ಲಿ ಬಹುಪಾಲು ಸರ್ಕಾರದ ಹೊರಗಿನಿಂದ ಬರಬೇಕು. 2025ರ ಜುಲೈಯಲ್ಲಿ ಕೇಂದ್ರ ಮಂತ್ರಿಮಂಡಲ ಒಪ್ಪಿದ ಒಂದು ಲಕ್ಷ ಕೋಟಿಯ ನಿಧಿ ಮುಖ್ಯವಾಗಿ ಖಾಸಗಿ ಉದ್ಯಮಕ್ಕೆ ಕಡಿಮೆ ಬಡ್ಡಿಯಲ್ಲಿಯೋ ಬಡ್ಡಿಯಿಲ್ಲದೆಯೋ ದೀರ್ಘಾವಧಿಯ ಸಾಲವನ್ನು ಕೊಡತಕ್ಕದ್ದು. ಎರಡೂ ಸ್ವಾಗತಾರ್ಹ. ಆದರೆ ಸಾಲ ಬಡ್ಡಿಯನ್ನು ಕೇಳದಿದ್ದರೂ ಅಸಲನ್ನು ಕೇಳುತ್ತದೆ. ಅಸಲನ್ನು ತೀರಿಸಬಲ್ಲದ್ದು ಅರ್ಧ ಮಾಗಿದ ಕಾಯಿಯೇ ಹೊರತು ಇನ್ನೂ ಮೊಳೆಯದ ಬೀಜವಲ್ಲ. ಶಬ್ದದ ಐದಾರು ಮಡಿ ವೇಗದಲ್ಲಿ ಹಾರುವ ಯಂತ್ರದ ಒಳಗೆ ಜ್ವಾಲೆಯನ್ನು ಆರದಂತೆ ನಿಲ್ಲಿಸುವುದು ಹೇಗೆಂದು ಕೇಳುವ ತರುಣನಿಗೆ ಬೇಕಾದದ್ದು ಸಾಲವಲ್ಲ, ಇಪ್ಪತ್ತು ವರ್ಷ ಅಲುಗದೆ ನಿಲ್ಲುವ ಒಂದು ಪರೀಕ್ಷಾಂಗಣ.

ಆದುದರಿಂದ ನನ್ನ ತೀರ್ಮಾನ ಚಿಕ್ಕದು. ವಿಮಾನಕ್ಕೂ ಎಂಜಿನಿಗೂ ಮಂಜೂರಾಗುವ ಪ್ರತಿಯೊಂದು ಮೊತ್ತದಲ್ಲಿಯೂ ಗೊತ್ತಾದ ಒಂದು ಪಾಲನ್ನು, ಆ ಯೋಜನೆ ಗೆದ್ದರೂ ಸೋತರೂ, ಪರೀಕ್ಷಾಸಾಧನಗಳ ಪಾಲನೆಗೂ ಅವುಗಳಲ್ಲಿ ದುಡಿಯುವವರ ಶಿಕ್ಷಣಕ್ಕೂ ಶಾಸನಬದ್ಧವಾಗಿ ಬಿಟ್ಟುಕೊಡಬೇಕು. ಮಂತ್ರಿಮಂಡಲ ಬದಲಾದರೂ ಅದು ಬದಲಾಗಬಾರದು. ಹೂಳು ತುಂಬಿದ ಕೆರೆಯ ಮೇಲೂ ಮಳೆ ಬೀಳುತ್ತದೆ. ನೀರು ಮಾತ್ರ ನಿಲ್ಲುವುದಿಲ್ಲ.